ಗಂಗಾನಗರ ಮೂರು ಹೋಳಾದದ್ದು ಹೇಗೆ?

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ‘ಗಂಗಾನಗರ’ ಎಂದು ಬರೆದುಕೊಟ್ಟು, ಇದರಲ್ಲಿರುವ ಪದಗಳನ್ನು ಆರಿಸಿಕೊಡು ಎಂದರೆ ಮೂರು ಪದ ಕೊಡುತ್ತದೆ: ‘ಗ’, ‘ಗ’, ‘ನಗರ’. ಮಧ್ಯದ ಸೊನ್ನೆಯೂ ದೀರ್ಘವೂ ಎಲ್ಲೋ ಬಿದ್ದುಹೋಗಿರುತ್ತವೆ. ಬೆಂಗಳೂರಿನ ಈ ಬಡಾವಣೆಯಿಂದ ಬಳ್ಳಾರಿ ರಸ್ತೆಯಲ್ಲಿ ಮುಂದೆ ಸಾಗಿ ಹೆಬ್ಬಾಳವನ್ನು ಕೊಟ್ಟರೆ ‘ಹ’, ‘ಬ’, ‘ಬ’, ‘ಳ’ ಎಂದು ನಾಲ್ಕು ಚೂರು. ಯಲಹಂಕಕ್ಕೆ ‘ಯಲಹ’ ಮತ್ತು ‘ಕ’. ಯಶವಂತಪುರಕ್ಕೆ ‘ಯಶವ’, ‘ತಪ’, ‘ರ’. ‘ಕನ್ನಡ’ ಎಂದು ಕೊಟ್ಟವರಿಗೆ ಸಿಗುವುದು ‘ಕನ’ ಮತ್ತು ‘ನಡ’.

ಇದು ಯಾವುದೋ ಹಳೆಯ ಕಂಪ್ಯೂಟರಿನ ಕಥೆಯಲ್ಲ. ಈ ಹೊತ್ತಿಗೂ ಪೈಥಾನ್ ಹಾಕಿಕೊಂಡ ಯಾರು ಬೇಕಾದರೂ ಮಾಡಿ ನೋಡಬಹುದು. ಪಠ್ಯದಲ್ಲಿ ಪದಗಳನ್ನು ಹುಡುಕಲು ಪೈಥಾನ್ ಜೊತೆಗೇ ಬರುವ ‘ಆರ್‌ಇ’ ಎಂಬ ಲೈಬ್ರರಿಯೊಂದಿದೆ. ಅದರಲ್ಲಿ ಓರೆಗೆರೆ ಎಳೆದು ಪಕ್ಕದಲ್ಲಿ ಡಬ್ಲ್ಯು ಬರೆದರೆ ‘ಪದದೊಳಗೆ ಬರುವ ಯಾವುದೇ ಅಕ್ಷರ’ ಎಂದರ್ಥ. ಈ ‘ಯಾವುದೇ ಅಕ್ಷರ’ದ ಲೆಕ್ಕದಲ್ಲಿಯೇ ತೊಡಕು ಇರುವುದು. ಜಗತ್ತಿನ ಲಿಪಿಗಳಿಗೆಲ್ಲ ಸಂಕೇತ ಕೊಟ್ಟಿರುವ ಯೂನಿಕೋಡ್, ಗ, ನ, ರ ಮೊದಲಾದವನ್ನು ‘ಅಕ್ಷರ’ ಎಂಬ ವರ್ಗದಲ್ಲಿ ಇಟ್ಟಿದೆ. ಗುಡಿಸು, ಕೊಂಬು, ದೀರ್ಘ, ಸೊನ್ನೆ ಮತ್ತು ಒತ್ತಕ್ಷರ ಕೂಡಿಸುವ ವಿರಾಮ ಚಿಹ್ನೆಯನ್ನು ‘ಗುರುತು’ ಎಂಬ ಬೇರೆ ವರ್ಗಕ್ಕೆ ಸೇರಿಸಿದೆ. ಪೈಥಾನ್ ಮೊದಲನೆಯ ವರ್ಗವನ್ನು ಒಪ್ಪುತ್ತದೆ, ಎರಡನೆಯದು ಬಂದಲ್ಲಿ ಪದ ಮುಗಿಯಿತೆಂದು ಕತ್ತರಿಸುತ್ತದೆ. ಇದೇ ಲೆಕ್ಕದಲ್ಲಿ, ಹೆಸರು ಬರೀ ಅಕ್ಷರಗಳಿಂದಾಗಿದೆಯೇ ಎಂದು ಪರೀಕ್ಷಿಸುವ ಇನ್ನೊಂದು ಸೌಲಭ್ಯಕ್ಕೆ ‘ಕಮಲ’ ಸರಿ, ‘ಭರತ’ ಸರಿ. ‘ರಾಮ’ ತಪ್ಪು, ‘ಗೀತಾ’ ತಪ್ಪು. ಕನ್ನಡದಲ್ಲಿ ಅರ್ಜಿ ತುಂಬುವ ವೆಬ್‌ಸೈಟ್ ಮಾಡಲು ಹೊರಟವರಿಗೆ ಇದು ಸಣ್ಣ ವಿಷಯವೇನಲ್ಲ.

ನಾನು ಇಲ್ಲಿ ಹೇಳಹೊರಟಿರುವುದು ಈ ಕೋಡ್ ಬಗ್ಗೆ ಅಲ್ಲ, ಅದರ ಕೈಪಿಡಿಯ ಬಗ್ಗೆ. ಎಷ್ಟೋ ವರ್ಷ ಪೈಥಾನಿನ ಅಧಿಕೃತ ಡಾಕ್ಯುಮೆಂಟೇಶನ್‌ನಲ್ಲಿ, ಈ ಡಬ್ಲ್ಯು ಚಿಹ್ನೆಯು ಯಾವುದೇ ಭಾಷೆಯ ಪದದಲ್ಲಿ ಬರಬಹುದಾದ ಬಹುಪಾಲು ಅಕ್ಷರಗಳನ್ನು ಹಿಡಿಯುತ್ತದೆ ಎಂಬ ಅರ್ಥದ ವಾಕ್ಯವಿತ್ತು. 3.8ನೇ ಆವೃತ್ತಿಯ ಪುಟದಲ್ಲಿ ಅದನ್ನು ಈಗಲೂ ಓದಬಹುದು. ಬರೆದವರಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಇಂಗ್ಲಿಷಿಗೆ, ಫ್ರೆಂಚಿಗೆ, ರಷ್ಯನ್ನಿಗೆ ಅದು ನಿಜವೇ. ಕನ್ನಡ, ಹಿಂದಿ, ತಮಿಳು, ಮಲಯಾಳಂಗಳಿಗೆ ಸುಳ್ಳು. ಆ ವಾಕ್ಯವನ್ನು ನಂಬಿ ಕೂತ ಕನ್ನಡದ ಪ್ರೋಗ್ರಾಮರ್ ಏನು ಮಾಡುತ್ತಾನೆ? ಕೈಪಿಡಿ ಸರಿಯಿದೆ ಎಂದಮೇಲೆ ತಪ್ಪು ತನ್ನದೇ ಎಂದುಕೊಳ್ಳುತ್ತಾನೆ. ಫೈಲ್ ಉಳಿಸಿದ ರೀತಿ ಸರಿಯಿಲ್ಲವೇನೋ, ಫಾಂಟ್ ಸರಿಯಿಲ್ಲವೇನೋ, ಕೀಬೋರ್ಡ್ ಬೇರೆ ಏನೋ ಬರೆಯುತ್ತಿದೆಯೇನೋ ಎಂದು ಇಲ್ಲದ ಕಡೆಯೆಲ್ಲ ಹುಡುಕುತ್ತಾನೆ.

ರೋಮನ್ ಅಲ್ಲದ ಲಿಪಿಗಳಿಗೆ ಈ ಚಿಹ್ನೆ ಉಪಯೋಗಕ್ಕೆ ಬರುತ್ತಿಲ್ಲ ಎಂಬ ದೂರು 2007ರಷ್ಟು ಹಿಂದೆಯೇ ಪೈಥಾನ್ ತಂಡದ ಮುಂದೆ ದಾಖಲಾಗಿತ್ತು. 2011ರಲ್ಲಿ ಇನ್ನೊಬ್ಬರು, ಇದು ಯೂನಿಕೋಡ್ ಸಂಸ್ಥೆಯದೇ ಶಿಫಾರಸಿಗೆ ವಿರುದ್ಧವಾಗಿದೆ ಎಂದು ಬರೆದರು. ಕೋಡ್ ಬದಲಾಗಲಿಲ್ಲ. ಇಂಥದನ್ನು ಬದಲಿಸುವುದು ಸುಲಭವೂ ಅಲ್ಲ: ಜಗತ್ತಿನಲ್ಲಿ ಲೆಕ್ಕವಿಲ್ಲದಷ್ಟು ಪ್ರೋಗ್ರಾಮುಗಳು ಈಗಿರುವ ನಡವಳಿಕೆಯನ್ನೇ ನಂಬಿ ಓಡುತ್ತಿವೆ, ಒಂದು ದಿನ ಅವೆಲ್ಲ ಬೇರೆ ಉತ್ತರ ಕೊಡಲು ಶುರುಮಾಡಿದರೆ ಯಾರು ಹೊಣೆ? ಆದರೆ ಕೈಪಿಡಿಯ ವಾಕ್ಯ ಬದಲಾಯಿತು. ಈಗಿನ ಪುಟದಲ್ಲಿ ‘ಯಾವುದೇ ಭಾಷೆ’ ಎಂಬ ದೊಡ್ಡ ಮಾತಿಲ್ಲ. ಯೂನಿಕೋಡ್ ಪ್ರಕಾರ ಅಕ್ಷರ ಅಥವಾ ಅಂಕಿ ಎನಿಸಿಕೊಂಡವು, ಜೊತೆಗೆ ಕೆಳಗೆರೆ, ಇಷ್ಟೇ ಎಂದು ಗೆರೆ ಎಳೆದು ಹೇಳಿದೆ. ಗಂಗಾನಗರ ಇಂದಿಗೂ ಮೂರು ಹೋಳೇ. ಆದರೆ ಯಾಕೆ ಹೋಳಾಯಿತು ಎಂಬುದು ಎಚ್ಚರದಿಂದ ಓದಿದವರಿಗೆ ಈಗ ಗೊತ್ತಾಗುತ್ತದೆ. ಗೊತ್ತಾದವರು ‘ರೆಜೆಕ್ಸ್’ ಎಂಬ ಬೇರೆ ಲೈಬ್ರರಿಯನ್ನು ಹಾಕಿಕೊಂಡು, ಪದವನ್ನು ಇಡಿಯಾಗಿ ಪಡೆದು, ಮುಂದಿನ ಕೆಲಸ ನೋಡುತ್ತಾರೆ. ಒಂದು ವಾಕ್ಯ ತಿದ್ದಿದ್ದರಿಂದ ಆದ ಉಪಕಾರ ಇದು. ಕೋಡ್ ಬರೆದವರಿಗೆ ಸಿಗುವ ಹೊಗಳಿಕೆಯಲ್ಲಿ ಹತ್ತನೇ ಒಂದು ಪಾಲೂ ಇಂಥ ವಾಕ್ಯ ತಿದ್ದುವವರಿಗೆ ಸಿಗುವುದಿಲ್ಲ ಎನ್ನುವುದು ನನ್ನ ಬಹಳ ದಿನದ ತಕರಾರು.

ಸಾಫ್ಟ್‌ವೇರ್ ಕೆಲಸ ಮಾಡದ ಓದುಗರಿಗಾಗಿ ಎರಡು ಮಾತು. ಲೈಬ್ರರಿ ಎಂದರೆ ಬೇರೆಯವರು ಬರೆದಿಟ್ಟು, ನಾವು ನಮ್ಮ ಪ್ರೋಗ್ರಾಮಿನಲ್ಲಿ ಕರೆದುಕೊಳ್ಳಬಹುದಾದ ಕೋಡ್‌ನ ಕಟ್ಟು. ಓಪನ್ ಸೋರ್ಸ್ ಎಂದರೆ ಅದರ ಒಳಗು ಎಲ್ಲರಿಗೂ ತೆರೆದಿದೆ. ಓದಬಹುದು, ಬಳಸಬಹುದು, ತಿದ್ದಬಹುದು. ಗಂಗಾನಗರ, ಆರ್.ಟಿ. ನಗರದ ಪಿ.ಜಿ.ಗಳಲ್ಲಿದ್ದುಕೊಂಡು ಮಾನ್ಯತಾ ಟೆಕ್ ಪಾರ್ಕಿಗೆ ಓಡಾಡುವ ಹುಡುಗ ಹುಡುಗಿಯರು ದಿನವಿಡೀ ಬರೆಯುವ ಕೋಡ್‌ಗಿಂತ ಕರೆದುಕೊಳ್ಳುವ ಕೋಡ್ ಹೆಚ್ಚು. ಕರೆದುಕೊಳ್ಳುವುದು ಹೇಗೆ, ಏನು ಕೊಟ್ಟರೆ ಏನು ಬರುತ್ತದೆ, ಎಲ್ಲಿ ಎಡವಬಹುದು ಎಂಬುದನ್ನೆಲ್ಲ ಹೇಳುವುದೇ ಡಾಕ್ಯುಮೆಂಟೇಶನ್. ಅವರ ಬಾಯಲ್ಲಿ ಬರೀ ‘ಡಾಕ್ಸ್’.

ಈ ಡಾಕ್ಸ್ ಹಳಸುವುದು ಯಾರೋ ಸೋಮಾರಿಗಳಾದ್ದರಿಂದ ಎಂದು ಹೊರಗಿನವರು ತಿಳಿಯುತ್ತಾರೆ. ಅದು ಪೂರ್ತಿ ನಿಜವಲ್ಲ. ಬರೆದ ದಿನ ಸರಿಯಾಗಿದ್ದ ಪುಟವನ್ನು ಯಾರೂ ಮುಟ್ಟದೇ ಇದ್ದರೂ ಅದು ತಪ್ಪಾಗಬಲ್ಲದು, ಏಕೆಂದರೆ ಅದು ವರ್ಣಿಸುತ್ತಿರುವ ಕೋಡ್ ಅದರ ಕೆಳಗೆ ಸರಿಯುತ್ತಿರುತ್ತದೆ. ಹೋದ ವರ್ಷದ ಪಂಚಾಂಗದಲ್ಲಿ ಸುಳ್ಳೇನೂ ಇರುವುದಿಲ್ಲ, ಅದು ಹೋದ ವರ್ಷಕ್ಕೆ ಸರಿ. ರಕ್ಷಾಪುಟದ ಮೇಲೆ ಸಂವತ್ಸರದ ಹೆಸರಿರುವುದರಿಂದ ಯಾರೂ ಮೋಸಹೋಗುವುದಿಲ್ಲ. ಸಾಫ್ಟ್‌ವೇರಿನ ಎಷ್ಟೋ ಪುಟಗಳ ಮೇಲೆ ಆ ಹೆಸರೇ ಇರುವುದಿಲ್ಲ.

ಒಂದು ಉದಾಹರಣೆ ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದವರಿಗೆಲ್ಲ ಗೊತ್ತಿರುವಂಥದು. ಗಣಿತದ ಕೆಲಸಕ್ಕೆ ಬಳಸುವ ನಂಪೈ ಲೈಬ್ರರಿಯಲ್ಲಿ ‘ಫ್ಲೋಟ್’ ಎಂಬ ಹೆಸರೊಂದಿತ್ತು. ಅದು ನಂಪೈಯ ಸ್ವಂತದ್ದೆಂದು ಜನ ತಿಳಿದಿದ್ದರು. ನಿಜಕ್ಕೂ ಪೈಥಾನ್‌ನದೇ ಫ್ಲೋಟಿಗೆ ಇಟ್ಟ ಇನ್ನೊಂದು ಹೆಸರು ಅಷ್ಟೆ. ಈ ಗೊಂದಲ ಬೇಡವೆಂದು 2021ರ ಜನವರಿಯಲ್ಲಿ ಬಂದ 1.20ನೇ ಆವೃತ್ತಿಯಲ್ಲಿ, ಇದನ್ನು ಬಿಡಿ ಎಂದು ಎಚ್ಚರಿಕೆ ಕೊಡಲು ಶುರುಮಾಡಿದರು. 2022ರ ಡಿಸೆಂಬರಿನ 1.24ರಲ್ಲಿ ತೆಗೆದೇಹಾಕಿದರು. ನಂಪೈಯವರ ಅಧಿಕೃತ ಡಾಕ್ಸ್ ಇದನ್ನು ಸರಿಯಾಗಿಯೇ ದಾಖಲಿಸಿದೆ. ಆದರೆ ಕೈಯಿಂದ ಕೈಗೆ ದಾಟುವ ಲ್ಯಾಬ್ ಮ್ಯಾನ್ಯುಯಲ್‌ಗಳಲ್ಲಿ, ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡ್ ಆಗಿ ಸಿಗುವ ನೋಟ್ಸ್‌ಗಳಲ್ಲಿ ಹಳೆಯ ಫ್ಲೋಟ್ ಹಾಗೆಯೇ ಉಳಿದಿರುತ್ತದೆ. ಪಾಂಡಾಸ್ ಎಂಬ ಇನ್ನೊಂದು ಲೈಬ್ರರಿಯಲ್ಲಿ ಕೋಷ್ಟಕಕ್ಕೆ ಸಾಲು ಸೇರಿಸುವ ‘ಅಪೆಂಡ್’ ಕೂಡ ಹೀಗೆಯೇ 2023ರ ಏಪ್ರಿಲ್‌ನಲ್ಲಿ ಬಂದ 2.0ರಲ್ಲಿ ಹೋಯಿತು. ಓದುವ ವಿದ್ಯಾರ್ಥಿಗೆ ಕಾಣುವುದು ಇಷ್ಟೇ: ಪುಸ್ತಕದಲ್ಲಿರುವಂತೆ ಅಕ್ಷರಶಃ ಬರೆದಿದ್ದೇನೆ, ಎರರ್ ಬರುತ್ತಿದೆ.

ಇಲ್ಲೇ ಸೈಕಿಟ್-ಲರ್ನ್ ತಂಡ ಮಾಡಿದ ಕೆಲಸ ನನಗೆ ಬಹಳ ಹಿಡಿಸಿತು. ಮಶೀನ್ ಲರ್ನಿಂಗ್ ಕಲಿಯುವವರು ಮೊದಲ ಪಾಠದಲ್ಲೇ ಬಳಸುತ್ತಿದ್ದ, ಬಾಸ್ಟನ್ ನಗರದ ಮನೆಬೆಲೆಗಳ ದತ್ತಾಂಶವೊಂದು ಆ ಲೈಬ್ರರಿಯಲ್ಲಿತ್ತು. ಬಡಾವಣೆಯ ಕಪ್ಪುಜನರ ಪ್ರಮಾಣದಿಂದ ಮನೆಬೆಲೆ ನಿರ್ಧಾರವಾಗುತ್ತದೆ ಎಂಬ ಊಹೆಯನ್ನೇ ಒಂದು ಕಾಲಮ್ಮಾಗಿ ಇಟ್ಟುಕೊಂಡ ದತ್ತಾಂಶ ಅದು. 2021ರ 1.0ರಲ್ಲಿ ಎಚ್ಚರಿಕೆ ಹಾಕಿ, 2022ರ ಕೊನೆಯ 1.2ರಲ್ಲಿ ಅದನ್ನು ತೆಗೆದರು. ಹಾಗೆ ತೆಗೆದು ಸುಮ್ಮನಾಗಲಿಲ್ಲ. ಈಗ ಯಾರಾದರೂ ಹಳೆಯ ಪಾಠ ನೋಡಿ ಅದನ್ನು ಕರೆದರೆ ಬರುವ ಎರರ್ ಸಂದೇಶವೇ ಒಂದು ಪುಟ್ಟ ಲೇಖನ: ಯಾಕೆ ತೆಗೆದೆವು, ಬದಲಿಗೆ ಏನು ಬಳಸಬೇಕು, ಅದಕ್ಕೆ ಕೋಡ್ ಏನು. ಹಳೆಯ ಪುಸ್ತಕ ಓದುವವನು ಹೊಸ ಡಾಕ್ಸ್ ತೆರೆಯುವುದಿಲ್ಲ, ಆದರೆ ಎರರ್ ಓದಲೇಬೇಕಲ್ಲ! ಅವನು ಬಂದು ನಿಲ್ಲುವ ಜಾಗದಲ್ಲೇ ಮಾತು ಬರೆದಿಟ್ಟರು.

2017ರಲ್ಲಿ, ಕೋಡ್ ಇಟ್ಟು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್ ನಡೆಸಿದ ಓಪನ್ ಸೋರ್ಸ್ ಸಮೀಕ್ಷೆಯಲ್ಲಿ ಉತ್ತರ ಕೊಟ್ಟವರ ಪೈಕಿ ಶೇ 93ರಷ್ಟು ಮಂದಿ, ಅಪೂರ್ಣವಾದ ಅಥವಾ ಹಳಸಿದ ಡಾಕ್ಯುಮೆಂಟೇಶನ್ ಎಲ್ಲ ಕಡೆ ಕಾಣುವ ಸಮಸ್ಯೆ ಎಂದರು. ಅದೇ ಸಮೀಕ್ಷೆಯಲ್ಲಿ, ಕೋಡ್‌ಗೆ ಕೈಜೋಡಿಸುವವರಲ್ಲಿ ಶೇ 60ರಷ್ಟು ಮಂದಿ ತಾವು ಡಾಕ್ಸ್‌ಗೆ ಕೈಹಾಕುವುದು ಅಪರೂಪ ಅಥವಾ ಇಲ್ಲವೇ ಇಲ್ಲ ಎಂದರು. ಎಲ್ಲರೂ ಗೊಣಗುವ ಕೆಲಸ, ಯಾರೂ ಮಾಡದ ಕೆಲಸ. ಇನ್ನೊಂದು ಅಂಕಿ ಇಲ್ಲಿ ಹೇಳುವಂಥದು: ಓಪನ್ ಸೋರ್ಸ್ ಸಮುದಾಯದ ಸುಮಾರು ಕಾಲು ಭಾಗ ಜನಕ್ಕೆ ಇಂಗ್ಲಿಷ್ ತುಂಬ ಚೆನ್ನಾಗಿ ಬರುವುದಿಲ್ಲ. ಅಸ್ಪಷ್ಟವಾಗಿ ಬರೆದ ಪುಟ ಅವರಿಗೆ ಎರಡು ಪಟ್ಟು ಕಷ್ಟ.

ಹಾಗಾದರೆ ಡಾಕ್ಸನ್ನು ಸರಿಯಾಗಿ ಇಟ್ಟುಕೊಂಡು ಬರುವವರು ಹೇಗೆ ಇಟ್ಟುಕೊಂಡು ಬರುತ್ತಾರೆ? ವೆಬ್‌ಸೈಟ್ ಕಟ್ಟಲು ಬಳಸುವ ಜಾಂಗೋ ಇದರಲ್ಲಿ ಮೊದಲಿನಿಂದಲೂ ಹೆಸರು ಮಾಡಿದೆ. ಹೊಸ ಸೌಲಭ್ಯ ಸೇರಿಸುತ್ತೇನೆಂದು ಬಂದವನು ಅದರ ಪರೀಕ್ಷೆಯನ್ನೂ ಡಾಕ್ಸನ್ನೂ ಒಟ್ಟಿಗೆ ತರಬೇಕು. ಆಮೇಲೆ ಬರೆಯುತ್ತೇನೆ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ಯಾವ ಆವೃತ್ತಿಯಲ್ಲಿ ಸೇರಿತು, ಯಾವುದರಲ್ಲಿ ಬದಲಾಯಿತು ಎಂಬ ಟಿಪ್ಪಣಿ ಆ ಸಾಲಿನ ಕೆಳಗೇ ಇರುತ್ತದೆ. ಆ ಹಳೆ ಆವೃತ್ತಿಗೆ ಬೆಂಬಲ ನಿಂತ ಮೇಲೆ ಟಿಪ್ಪಣಿಯನ್ನು ಕಿತ್ತೂ ಹಾಕುತ್ತಾರೆ, ಇಲ್ಲದಿದ್ದರೆ ಪುಟ ಪೂರ್ತಿ ಇತಿಹಾಸವೇ ಆಗಿಬಿಡುತ್ತದೆ. ಹಳೆಯ ಆವೃತ್ತಿಯ ಪುಟ ತೆರೆದರೆ, ಇದಕ್ಕೆ ಈಗ ಬೆಂಬಲವಿಲ್ಲ, ಸುರಕ್ಷಿತವೂ ಅಲ್ಲ ಎಂಬ ಪಟ್ಟಿ ಮೇಲೆಯೇ ಕಾಣುತ್ತದೆ.

ಯಂತ್ರದ ಸಹಾಯವೂ ಇದೆ. ಪೈಥಾನ್‌ನಲ್ಲಿ 2001ರಿಂದ ‘ಡಾಕ್‌ಟೆಸ್ಟ್’ ಎಂಬ ಸೌಲಭ್ಯವಿದೆ. ವಿವರಣೆಯೊಳಗೆ ಕೊಟ್ಟ ಉದಾಹರಣೆಗಳನ್ನು ಅದು ನಿಜವಾಗಿಯೂ ಓಡಿಸಿ, ಪುಟದಲ್ಲಿ ಬರೆದ ಉತ್ತರವೇ ಬರುತ್ತಿದೆಯೇ ಎಂದು ತಾಳೆ ನೋಡುತ್ತದೆ. ಕೋಡ್ ಬದಲಾಗಿ ಉತ್ತರ ಬದಲಾದ ದಿನವೇ ಕೆಂಪು ದೀಪ. ಪೈಥಾನ್‌ನ ಡಾಕ್ಸ್ ತಯಾರಿಸಲೆಂದೇ ಹುಟ್ಟಿ 2008ರಲ್ಲಿ ಹೊರಬಂದ ‘ಸ್ಫಿಂಕ್ಸ್’, ಕೋಡ್‌ನೊಳಗಿನ ವಿವರಣೆಯನ್ನು ಎತ್ತಿ ಪುಟವಾಗಿ ಜೋಡಿಸುತ್ತದೆ. 2010ರಲ್ಲಿ ಶುರುವಾದ ‘ರೀಡ್ ದ ಡಾಕ್ಸ್’, ಕೋಡ್ ಬದಲಾದಾಗಲೆಲ್ಲ ಆ ಪುಟಗಳನ್ನು ಮತ್ತೆ ಕಟ್ಟಿ ಪ್ರಕಟಿಸುತ್ತದೆ.

ಆದರೆ ಯಂತ್ರ ಹಿಡಿಯುವುದು ಉದಾಹರಣೆಯ ತಪ್ಪನ್ನು, ವಾಕ್ಯದ ತಪ್ಪನ್ನಲ್ಲ. ‘ಯಾವುದೇ ಭಾಷೆ’ ಎಂಬ ಮಾತು ಸುಳ್ಳೆಂದು ಯಾವ ಡಾಕ್‌ಟೆಸ್ಟೂ ಹೇಳಲಾರದು. ಕನ್ನಡ, ಹಿಂದಿಗಳಲ್ಲಿ ಬಳಸಿ ನೋಡಿದ ಮನುಷ್ಯರೇ ಹೇಳಬೇಕು. ಈ ಕಾರಣಕ್ಕೇ, ಡಾಕ್ಸನ್ನು ಪೂರ್ತಿ ಸ್ವಯಂಚಾಲಿತ ಮಾಡಿಬಿಡುತ್ತೇವೆ ಎನ್ನುವವರ ಉತ್ಸಾಹದಲ್ಲಿ ನನಗೆ ನಂಬಿಕೆಯಿಲ್ಲ. ಈಗ ಕೋಡ್ ಬರೆದುಕೊಡುವ ಎಐ ಸಹಾಯಕರದೂ ಇದೇ ಪಾಡು. ಹಳೆಯ ಪುಟ, ಹಳೆಯ ಕೋಡ್ ಓದಿಯೇ ಅವು ಕಲಿತಿರುವುದರಿಂದ, ತೆಗೆದುಹಾಕಿದ ಅಪೆಂಡನ್ನು ಧೈರ್ಯವಾಗಿ ಬರೆದುಕೊಡುವುದುಂಟು.

ಇನ್ನು ಹೊಣೆಯ ಪ್ರಶ್ನೆ. 1971ರ ನವೆಂಬರ್ 3ರಂದು ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್‌ನ ಮೊದಲ ಕೈಪಿಡಿ ಹೊರಬಂತು, ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಸಿದ್ಧಪಡಿಸಿದ್ದು. ಅದರಲ್ಲಿ ಪ್ರತಿಯೊಂದು ಕಮಾಂಡಿನ ಪುಟದ ಕೆಳಗೆ ಎರಡು ವಿಚಿತ್ರ ತಲೆಬರಹಗಳಿದ್ದವು. ಒಂದರಲ್ಲಿ ಆ ಕಮಾಂಡಿನಲ್ಲಿ ಗೊತ್ತಿರುವ ದೋಷಗಳು. ಇನ್ನೊಂದರಲ್ಲಿ ಅದರ ‘ಒಡೆಯ’ ಯಾರು ಎಂಬುದು. ತಮ್ಮ ಸರಕಿನ ದೋಷವನ್ನು ತಾವೇ ಅಚ್ಚುಹಾಕಿ, ಕೇಳಬೇಕಾದವರ ಹೆಸರನ್ನೂ ಕೊಟ್ಟಿದ್ದ ಕೈಪಿಡಿ. ಐವತ್ತು ವರ್ಷ ಕಳೆದ ಮೇಲೂ ಬಹಳಷ್ಟು ಲೈಬ್ರರಿಗಳ ಡಾಕ್ಸ್‌ನಲ್ಲಿ ಈ ಎರಡೂ ಸಿಗುವುದಿಲ್ಲ.

ಒಡೆಯ ಯಾರೆಂಬುದು ಎಷ್ಟು ಮುಖ್ಯ ಎಂದು ತಿಳಿಯಲು ಬೆಂಗಳೂರಿನಲ್ಲೇ ಬೆಳೆದ ಒಂದು ಓಪನ್ ಸೋರ್ಸ್ ಯೋಜನೆಯನ್ನು ನೋಡಬಹುದು. ಹಲವು ಸರ್ವರ್‌ಗಳ ಡಿಸ್ಕ್‌ಗಳನ್ನು ಒಂದೇ ದೊಡ್ಡ ಕಡತಕೋಶದಂತೆ ಬಳಸಲು ಬಿಡುವ ಗ್ಲಸ್ಟರ್‌ಎಫ್‌ಎಸ್‌ನ ಬಹುಪಾಲು ಕೆಲಸ ಈ ಊರಿನಲ್ಲಿ ನಡೆಯಿತು. 2011ರ ಅಕ್ಟೋಬರಿನಲ್ಲಿ ರೆಡ್ ಹ್ಯಾಟ್ ಕಂಪನಿ ಆ ಸಂಸ್ಥೆಯನ್ನು 13.6 ಕೋಟಿ ಡಾಲರಿಗೆ ಕೊಂಡಿತು. ಅದರ ಕೋಡ್ ಒಂದು ಕಡೆ, ಡಾಕ್ಸ್ ಇನ್ನೊಂದು ಪ್ರತ್ಯೇಕ ಕಣಜದಲ್ಲಿ. ಹೀಗೆ ಬೇರೆ ಬೇರೆ ಇಟ್ಟಾಗ ಡಾಕ್ಸ್ ಬರೆಯಬಲ್ಲವರು ಕೋಡ್‌ನ ಗೋಜಿಲ್ಲದೆ ಬರಬಹುದೆಂಬ ಅನುಕೂಲವಿದೆ. ಆದರೆ ಕೋಡ್ ಬದಲಿಸಿದವನಿಗೆ ಆ ಕಡೆಯ ಪುಟ ಕಣ್ಣಿಗೇ ಬೀಳುವುದಿಲ್ಲ. 2019ರಲ್ಲಿ ಬಂದ 6ನೇ ಆವೃತ್ತಿಯಲ್ಲಿ ಸ್ಟ್ರೈಪ್, ಟಿಯರಿಂಗ್ ಮುಂತಾದ ಸೌಲಭ್ಯಗಳನ್ನು ಕೈಬಿಟ್ಟರು. ಇಂಥ ಪ್ರತಿಯೊಂದು ನಿರ್ಧಾರದ ಹಿಂದೆಯೂ, ಆ ಸೌಲಭ್ಯವನ್ನು ಹೇಳುವ ಪುಟಗಳನ್ನು ಒಂದೊಂದಾಗಿ ಹುಡುಕಿ ತೆಗೆಯುವ ಸದ್ದಿಲ್ಲದ ಕೆಲಸವೊಂದು ಬಾಕಿ ಬೀಳುತ್ತದೆ. 2024ರ ಕೊನೆಗೆ ರೆಡ್ ಹ್ಯಾಟ್ ತನ್ನ ಗ್ಲಸ್ಟರ್ ಉತ್ಪನ್ನಕ್ಕೆ ಬೆಂಬಲ ನಿಲ್ಲಿಸಿತು. ಸಂಬಳ ಕೊಡುವ ಕಂಪನಿ ಹಿಂದೆ ಸರಿದಾಗ ಕೋಡ್ ಓಡುತ್ತಲೇ ಇರಬಹುದು, ಪುಟ ತಿದ್ದಲು ಮಾತ್ರ ಯಾರಾದರೂ ಸ್ವಂತ ಸಂಜೆಯನ್ನು ಕೊಡಬೇಕು.

ದುಡ್ಡಿನ ದಾರಿಗಳು ಇಲ್ಲವೆಂದಲ್ಲ. ತಾಂತ್ರಿಕ ಬರಹಗಾರರನ್ನು ಓಪನ್ ಸೋರ್ಸ್ ಯೋಜನೆಗಳ ಜೊತೆ ಕೂಡಿಸಲು ಗೂಗಲ್ 2019ರಲ್ಲಿ ‘ಸೀಸನ್ ಆಫ್ ಡಾಕ್ಸ್’ ಶುರುಮಾಡಿತು. ಬೆಂಗಳೂರಿನ ಜೆರೋಧಾ ಕಂಪನಿ 2024ರಲ್ಲಿ, ಓಪನ್ ಸೋರ್ಸ್ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವ ‘ಫ್ಲಾಸ್ ಫಂಡ್’ ಘೋಷಿಸಿತು. ದುಡ್ಡಿಲ್ಲದೆಯೂ ಆದದ್ದುಂಟು: 2018ರ ಮಾರ್ಚ್ 10ರಂದು ಜಗತ್ತಿನ ಹಲವು ಊರುಗಳಲ್ಲಿ ಜನ ಒಟ್ಟಿಗೆ ಕೂತು, ಇಡೀ ದಿನ ಪಾಂಡಾಸ್‌ನ ಡಾಕ್ಸ್ ಒಂದನ್ನೇ ತಿದ್ದಿದರು.

ತಿದ್ದಲು ಸಾಧ್ಯವೇ ಇಲ್ಲದ ತಪ್ಪುಗಳೂ ಇರುತ್ತವೆ. ಅಂಥದೊಂದು ನಮ್ಮ ಲಿಪಿಯ ಮೇಲೇ ಇದೆ. ಹಳಗನ್ನಡದ ‘ೞ’, ವ್ಯಾಕರಣದಲ್ಲಿ ರಳ ಎಂದು ಕರೆಯುವ ಅಕ್ಷರ, ಯೂನಿಕೋಡ್‌ನಲ್ಲಿ ದಾಖಲಾಗುವಾಗ ಅದಕ್ಕೆ ‘ಕನ್ನಡ ಲೆಟರ್ ಫಾ’ ಎಂದು ಹೆಸರಿಟ್ಟುಬಿಟ್ಟರು. ಪಂಪನ ಕಾಲದ ಅಕ್ಷರಕ್ಕೂ ಫಕಾರಕ್ಕೂ ಏನು ಸಂಬಂಧ? ಏನೂ ಇಲ್ಲ. ಶುದ್ಧ ತಪ್ಪು ಎಂದು ಯೂನಿಕೋಡ್‌ನವರೇ ಒಪ್ಪಿದ್ದಾರೆ. ಆದರೂ ಬದಲಿಸುವಂತಿಲ್ಲ. ಒಮ್ಮೆ ಕೊಟ್ಟ ಹೆಸರನ್ನು ಎಂದೂ ಬದಲಿಸುವುದಿಲ್ಲ ಎಂಬುದು ಅವರ ಸ್ಥಿರತೆಯ ನಿಯಮ, ಏಕೆಂದರೆ ಆ ಹೆಸರುಗಳನ್ನೇ ಕೀಲಿಯಾಗಿ ಬಳಸುವ ಪ್ರೋಗ್ರಾಮುಗಳಿವೆ. ಹಾಗಾಗಿ ಅವರು ಮಾಡಿದ್ದು ಎರಡು: ಅಕ್ಷರಪಟ್ಟಿಯಲ್ಲಿ ಇದು ತಪ್ಪು ಹೆಸರು ಎಂದು ಟಿಪ್ಪಣಿ ಹಾಕಿದರು, ಮತ್ತು ಮೂರು ಎಲ್ ಬರುವ ಸರಿಯಾದ ಹೆಸರನ್ನು ಅಧಿಕೃತ ಪರ್ಯಾಯವೆಂದು ಸೇರಿಸಿದರು. ಪೈಥಾನ್‌ಗೆ ‘ೞ’ ಕೊಟ್ಟು ಹೆಸರೇನೆಂದು ಕೇಳಿದರೆ ಇವತ್ತಿಗೂ ‘ಫಾ’ ಎನ್ನುತ್ತದೆ. ಆದರೆ 3.3ನೇ ಆವೃತ್ತಿಯಿಂದೀಚೆಗೆ ಸರಿಯಾದ ಹೆಸರು ಹೇಳಿ ಅಕ್ಷರ ಕೇಳಿದರೆ ‘ೞ’ವನ್ನೇ ಕೊಡುತ್ತದೆ. ಈ ಬದಲಾವಣೆ ಅದರ ಡಾಕ್ಸ್‌ನಲ್ಲಿ ದಾಖಲಾಗಿದೆ. ತಪ್ಪು ಹೆಸರನ್ನು ಉಳಿಸಿಕೊಂಡೇ ಸರಿಯಾದದ್ದಕ್ಕೆ ದಾರಿ ಮಾಡಿಕೊಟ್ಟ ಈ ಬಗೆ ನನಗೆ ಸಮಾಧಾನ ತರುವುದಿಲ್ಲ, ಆದರೆ ಪ್ರಾಮಾಣಿಕ ಎನ್ನಬೇಕು.

ಪೈಥಾನ್ ಡಾಕ್ಸ್‌ನ ಅದೇ ಪುಟದಲ್ಲಿ ಇನ್ನೊಂದು ಸಣ್ಣ ಅಂಕಿಯಿದೆ, ಹೆಚ್ಚಿನವರು ನೋಡದೇ ದಾಟುವಂಥದು: ಈ ಪೈಥಾನ್ ಯೂನಿಕೋಡ್‌ನ ಯಾವ ಆವೃತ್ತಿಯನ್ನು ಬಲ್ಲದು ಎಂಬುದು. ಕನ್ನಡದ ವಿಷಯದಲ್ಲಿ ಅದು ಕೆಲಸಕ್ಕೆ ಬರುತ್ತದೆ. ಹಳೆಯ ಬರವಣಿಗೆಯಲ್ಲಿ ಪದದ ಕೊನೆಯ ನಕಾರಕ್ಕೆ ಬಳಸುತ್ತಿದ್ದ ‘ನಕಾರ ಪೊಲ್ಲು’ 2021ರ ಯೂನಿಕೋಡ್ 14ರಲ್ಲಿ ಸೇರಿತು. ಪೈಥಾನ್ 3.10ರ ಡಾಕ್ಸ್‌ನಲ್ಲಿರುವುದು ಯೂನಿಕೋಡ್ 13, 3.11ರಲ್ಲಿ 14. ಶಾಸನ, ಹಸ್ತಪ್ರತಿಗಳ ಪಠ್ಯವನ್ನು ಕಂಪ್ಯೂಟರಿಗೆ ತರುವವರು 3.10 ಇಟ್ಟುಕೊಂಡು ಕೂತರೆ, ಅಂಥ ಅಕ್ಷರವೇ ಇಲ್ಲ ಎಂಬ ಉತ್ತರ ಬರುತ್ತದೆ. ಪ್ರತಿ ಬಿಡುಗಡೆಗೂ ಆ ಒಂದು ಅಂಕಿಯನ್ನು ಯಾರೋ ನೆನಪಿಟ್ಟು ಬದಲಿಸುತ್ತಾರೆ.

ಕನ್ನಡದಲ್ಲೇ ಬರೆದ ಡಾಕ್ಸ್‌ನ ಗತಿ ಏನು? ಇದು ಸ್ವಲ್ಪ ಬೇಸರದ ಭಾಗ. ನುಡಿ ತಂತ್ರಾಂಶದಿಂದ ನಮಗೆಲ್ಲ ರೂಢಿಯಾದ, ಕೆ.ಪಿ. ರಾವ್ ಅವರ ಚಿಂತನೆಯಿಂದ ಬಂದ ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸ್‌ನೊಳಗೇ ಸಿದ್ಧವಾಗಿದೆ. ಬೇರೆ ಏನನ್ನೂ ಹಾಕಿಕೊಳ್ಳಬೇಕಿಲ್ಲ, ಆಯ್ಕೆ ಮಾಡಿದರೆ ಸಾಕು. ಗಂಗಾನಗರದಂಥ ಬಡಾವಣೆಯ ಡಿಟಿಪಿ ಅಂಗಡಿಗೆ ಇದು ಪುಕ್ಕಟೆ ಸಿಗುವ ಅನುಕೂಲ. ಆದರೆ ಎಲ್ಲಿ ಆಯ್ಕೆ ಮಾಡಬೇಕು? ಉಬುಂಟು 20.04ರಲ್ಲಿ ಅದು ಪ್ರದೇಶ ಮತ್ತು ಭಾಷೆಯ ವಿಭಾಗದಲ್ಲಿತ್ತು. 22.04ರಲ್ಲಿ ಕೀಬೋರ್ಡ್ ವಿಭಾಗಕ್ಕೆ ಹೋಯಿತು. ಮೊದಲನೆಯದನ್ನು ನೋಡಿ ಯಾರೋ ಶ್ರಮಪಟ್ಟು ಚಿತ್ರ ಸಮೇತ ಬರೆದ ಕನ್ನಡ ಸೂಚನೆ ಎರಡೇ ವರ್ಷದಲ್ಲಿ ದಾರಿ ತಪ್ಪಿಸುವ ಸೂಚನೆಯಾಯಿತು. ಅಂಗಡಿಯವರು ಒಮ್ಮೆ ನೋಡುತ್ತಾರೆ, ಹೇಳಿದ ಜಾಗದಲ್ಲಿ ಹೇಳಿದ್ದು ಇಲ್ಲ, ಲಿನಕ್ಸ್‌ನಲ್ಲಿ ಕನ್ನಡ ಬರಲ್ಲ ಸಾರ್ ಎಂದು ಮುಗಿಸುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ.

ಅನುವಾದದ ವ್ಯವಸ್ಥೆಯಲ್ಲಿ ಇದಕ್ಕೊಂದು ಜಾಣ ಉಪಾಯವಿದೆ. ಲಿನಕ್ಸ್‌ನ ಡೆಸ್ಕ್‌ಟಾಪ್ ಆದ ಗ್ನೋಮ್ ಮೊದಲಾದ ಯೋಜನೆಗಳಲ್ಲಿ ಮೂಲದ ಪ್ರತಿ ವಾಕ್ಯಕ್ಕೂ ಎದುರಿಗೆ ಕನ್ನಡದ ವಾಕ್ಯ ಇರುತ್ತದೆ. ಮೂಲದ ವಾಕ್ಯ ಒಂಚೂರು ಬದಲಾದರೂ ಕನ್ನಡದ ವಾಕ್ಯಕ್ಕೆ ‘ಫಜಿ’ ಎಂಬ ಮುದ್ರೆ ಬೀಳುತ್ತದೆ. ಇದು ಸಂಶಯಾಸ್ಪದ, ಯಾರಾದರೂ ಮತ್ತೆ ನೋಡುವ ತನಕ ತೋರಿಸಬೇಡ ಎಂದು ಅದರ ಅರ್ಥ. ಅಲ್ಲಿಯವರೆಗೆ ಬಳಸುವವರಿಗೆ ಇಂಗ್ಲಿಷ್ ವಾಕ್ಯವೇ ಕಾಣುತ್ತದೆ. ಕನ್ನಡ ಮೆನುವಿನ ನಡುವೆ ಅಲ್ಲೊಂದು ಇಲ್ಲೊಂದು ಇಂಗ್ಲಿಷ್ ಸಾಲು ಇಣುಕುವುದು ಎಷ್ಟೋ ಸಲ ಇದರಿಂದ. ಅನುವಾದವೇ ಆಗದೆ ಉಳಿದದ್ದೂ ಇರುತ್ತದೆ, ಆದರೆ ಆಗಿ, ಹಳತಾಗಿ, ತಡೆಹಿಡಿದದ್ದೂ ಸಾಕಷ್ಟು. ಹಳೆಯ ಕನ್ನಡಕ್ಕಿಂತ ಹೊಸ ಇಂಗ್ಲಿಷ್ ವಾಸಿ ಎಂಬ ಈ ನಿರ್ಧಾರ ಕಹಿಯಾದರೂ ಸರಿ. ತಪ್ಪು ಗುಂಡಿ ಒತ್ತಿಸುವ ಕನ್ನಡದಿಂದ ಕನ್ನಡಕ್ಕೇನೂ ಲಾಭವಿಲ್ಲ.

ನಮ್ಮವರು ಬರೆಯಬೇಕಾದ ಪುಟಗಳು ಬೇಕಾದಷ್ಟಿವೆ. ಒಂದು ಹೇಳುತ್ತೇನೆ. 2007ರ ಪ್ರಸ್ತಾವವೊಂದರಿಂದಾಗಿ ಪೈಥಾನ್ 3ರಲ್ಲಿ ವೇರಿಯಬಲ್‌ಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. ‘ಬೆಲೆ’ ಎಂದು ಇಡಿ, ನಡೆಯುತ್ತದೆ. ‘ಅಂಕ’ ಎಂದು ಇಡಿ, ನಡೆಯುತ್ತದೆ. ಆದರೆ ‘ರ‍್ಯಾಂಕ್’ ಎಂದು ಅರ್ಕಾವತ್ತು ಬರದಂತೆ ರಕಾರಕ್ಕೆ ಯಕಾರದ ಒತ್ತು ಕೊಟ್ಟು ಬರೆದರೆ ನಡೆಯುವುದಿಲ್ಲ. ಆ ರೂಪಕ್ಕಾಗಿ ನಡುವೆ ಸೇರಿಸುವ, ಕಣ್ಣಿಗೆ ಕಾಣದ ಜೋಡಣೆ ಚಿಹ್ನೆಯನ್ನು ಪೈಥಾನ್ ಹೆಸರುಗಳಲ್ಲಿ ಒಪ್ಪುವುದಿಲ್ಲ. ನಿಯಮ ಅಧಿಕೃತ ಡಾಕ್ಸ್‌ನಲ್ಲಿ ಇದೆ, ಆದರೆ ಯೂನಿಕೋಡ್ ವರ್ಗಗಳ ಭಾಷೆಯಲ್ಲಿದೆ. ಎಂಟನೇ ತರಗತಿಯ ಮಕ್ಕಳಿಗೆ ಕನ್ನಡದಲ್ಲಿ ಪ್ರೋಗ್ರಾಮಿಂಗ್ ಕಲಿಸಹೊರಟ ಮೇಷ್ಟ್ರಿಗೆ ಅದು ತಾನಾಗಿ ಹೊಳೆಯುವುದಿಲ್ಲ. ಅದನ್ನು ಬಿಡಿಸಿ ಹೇಳುವ ನಾಲ್ಕು ಸಾಲನ್ನು ಬರೆಯಬಲ್ಲವರು ಕನ್ನಡ ಟೈಪ್ ಮಾಡುವವರೇ, ಕ್ಯಾಲಿಫೋರ್ನಿಯಾದಲ್ಲಿ ಕೂತವರಲ್ಲ.

ತಿದ್ದುವ ಕ್ರಮ ಹೊರಗಿನಿಂದ ಕಾಣುವಷ್ಟು ದೊಡ್ಡದಲ್ಲ. ಪೈಥಾನ್ ಡಾಕ್ಸ್‌ನ ಪ್ರತಿ ಪುಟದಲ್ಲೂ ದೋಷ ತಿಳಿಸುವ ಕೊಂಡಿಯಿದೆ, ಪುಟದ ಮೂಲವನ್ನು ತೋರಿಸುವ ಕೊಂಡಿಯೂ ಇದೆ. ಗಿಟ್‌ಹಬ್‌ನಲ್ಲಿ ಒಂದು ಖಾತೆ ಬೇಕು, ಮೊದಲ ಸಲ ಒಪ್ಪಂದ ಪತ್ರವೊಂದಕ್ಕೆ ಆನ್‌ಲೈನ್‌ನಲ್ಲೇ ಸಹಿ ಹಾಕಬೇಕು. ತಪ್ಪು ವಾಕ್ಯದ ಜಾಗದಲ್ಲಿ ಸರಿಯಾದ ವಾಕ್ಯ ಬರೆದು, ಯಾಕೆಂದು ಎರಡು ಸಾಲಿನಲ್ಲಿ ತಿಳಿಸಿ ಕಳಿಸಿದರೆ ಅದೇ ಪುಲ್ ರಿಕ್ವೆಸ್ಟ್. ಯೋಜನೆಯನ್ನು ನೋಡಿಕೊಳ್ಳುವ ಮೇಂಟೇನರ್‌ಗಳು ಪ್ರಶ್ನೆ ಕೇಳಬಹುದು, ವಾಕ್ಯ ತಿದ್ದಿಸಬಹುದು, ವಾರಗಟ್ಟಲೆ ಉತ್ತರ ಕೊಡದೆಯೂ ಇರಬಹುದು, ಬಹುಪಾಲು ಜನ ಸಂಬಳವಿಲ್ಲದೆ ದುಡಿಯುವವರು. ಈ ಕೆಲಸಕ್ಕೆ ಹಳೆಯ ಪರಿಣತರಿಗಿಂತ ಹೊಸಬರೇ ಲಾಯಕ್ಕು. ಹತ್ತು ವರ್ಷದಿಂದ ಆ ಲೈಬ್ರರಿ ಬಳಸುವವರು ಪುಟವನ್ನು ತೆರೆಯುವುದೇ ಇಲ್ಲ. ಎಡವುವವರು ನಿನ್ನೆ ಸೇರಿದವರು, ಎಲ್ಲಿ ಎಡವಿದೆವೆಂಬುದು ಅವರಿಗೆ ಇನ್ನೂ ನೆನಪಿರುತ್ತದೆ.

ಕನ್ನಡದಲ್ಲಿ ತಾಂತ್ರಿಕ ವಿಷಯ ಬರೆಯುವ ಮಿತ್ರರಲ್ಲಿ, ಪಾಠ ತಯಾರಿಸುವ ಮೇಷ್ಟ್ರುಗಳಲ್ಲಿ ಕೇಳಿಕೊಳ್ಳುವುದು ಒಂದೇ. ನಿಮ್ಮ ಬರಹದ ಮೊದಲ ಸಾಲಿನಲ್ಲೇ ತಂತ್ರಾಂಶದ ಹೆಸರು, ಅದರ ಆವೃತ್ತಿಯ ಅಂಕಿ, ನೀವು ಬರೆದ ತಿಂಗಳು ಮತ್ತು ವರ್ಷ ಹಾಕಿ. ಅದನ್ನು ಮತ್ತೊಮ್ಮೆ ಪರೀಕ್ಷಿಸಿದಾಗ ಆ ದಿನಾಂಕವನ್ನೂ ಕೆಳಗೆ ಸೇರಿಸಿ. ಇನ್ನು ತಿದ್ದಲು ಪುರುಸೊತ್ತಿಲ್ಲ ಎನಿಸಿದ ದಿನ, ಇದನ್ನು ನಾನು ಈಗ ನೋಡಿಕೊಳ್ಳುತ್ತಿಲ್ಲ, ಬೇಕಾದವರು ಮುಂದುವರಿಸಿ ಎಂದು ಬರೆದಿಡಿ.